ದೇವರ ಆವಿನ ಎರಡು ಹೆಸರು

1906ರಲ್ಲಿ ಪ್ರಕಟವಾದ ಮದುರೆ ಜಿಲ್ಲೆಯ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಅವರು ಕಂಬಂ ಊರಿನ ದನಗಳ ಹಿಂಡೊಂದರ ವಿವರ ಬರೆದಿದ್ದಾರೆ. ಅದನ್ನು ದೇವರ ಹಿಂಡೆಂದು ಪೂಜಿಸುತ್ತಿದ್ದವರು ಕಂಬಂ ಕಣಿವೆಯಲ್ಲಿ ನೆಲೆಸಿದ್ದ, ಮನೆಯಲ್ಲಿ ಕನ್ನಡವಾಡುವ ಕಪ್ಪಿಲಿಯರು. ಹಿಂಡಿಗೊಂದು ಪಟ್ಟದ ಹೋರಿ. ಅದು ಸತ್ತರೆ ದನಗಳ ಮುಂದೆ ಕಬ್ಬು ಇಡುತ್ತಿದ್ದರು; ಮೊದಲು ಬಂದು ತಿಂದ ಹೋರಿಗೇ ಪಟ್ಟ. ಹಿಂಡಿನ ಹೆಸರನ್ನು ಫ್ರಾನ್ಸಿಸ್ ಎರಡು ಭಾಷೆಯಲ್ಲೂ ದಾಖಲಿಸಿದರು: ಕನ್ನಡದಲ್ಲಿ ‘ದೇವರು ಆವು’, ತಮಿಳಿನಲ್ಲಿ ‘ತಂಬಿರಾನ್ ಮಾಡು’.

ಇಂಟರ್ನೆಟ್ಟಿನ ಕಾಲದಲ್ಲಿ ಇಂಥ ಜೋಡಿ ಹೆಸರಿನ ಬೆಲೆ ಹೆಚ್ಚಿದೆ. ಒಂದೇ ವಿಷಯಕ್ಕೆ ಮೀಸಲಾದ ಪುಟ್ಟ ಜಾಲತಾಣ ಹುಡುಕುವವರ ಕಣ್ಣಿಗೆ ಬೀಳಬೇಕಾದರೆ, ಅವರು ಟೈಪಿಸುವ ಪದ ಅದರ ಪುಟದಲ್ಲಿರಬೇಕು. ಕೀವರ್ಡ್ ಎಂಬುದರ ತಿರುಳು ಇಷ್ಟೇ.

ಈ ಸರಳ ಮಾತು ಬೇಗನೆ ಕೆಟ್ಟಿತು. 1995ರಲ್ಲಿ ಆಲ್ಟಾವಿಸ್ಟಾ ಶೋಧಯಂತ್ರ ಬಂದಾಗ ಪುಟದೊಳಗಿನ ಪದಗಳೇ ಶೋಧದ ಆಧಾರವಾಗಿದ್ದವು. ಹಾಗಾಗಿ ಹಲವರು ಒಂದೇ ಪದವನ್ನು ನೂರು ಸಲ ತುರುಕಿದರು. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರೆದು ಬಚ್ಚಿಟ್ಟರು. 1998ರಲ್ಲಿ ಶುರುವಾದ ಗೂಗಲ್, ಬೇರೆ ಪುಟಗಳು ಕೊಡುವ ಕೊಂಡಿಗಳನ್ನೂ ತೂಗಿ ನೋಡಿತು. ಪುಟದ ಮರೆಯಲ್ಲಿ ಬರೆದಿಡುವ ಕೀವರ್ಡ್ ಪಟ್ಟಿಯನ್ನು ಶ್ರೇಯಾಂಕಕ್ಕೆ ತಾನು ಬಳಸುವುದೇ ಇಲ್ಲವೆಂದು 2009ರಲ್ಲಿ ಬಹಿರಂಗವಾಗಿ ಹೇಳಿತು. ಹುರುಳಿಲ್ಲದ ಪುಟಗಳನ್ನು ಕೆಳಗೆ ತಳ್ಳುವ ಅದರ ‘ಪಾಂಡಾ’ ಪರಿಷ್ಕರಣೆ 2011ರಲ್ಲಿ ಬಂತು.

ಕನ್ನಡದ ಕಷ್ಟ ಮಾತ್ರ ಬೇರೆಯದೇ ಆಗಿತ್ತು. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಜಾಲಕ್ಕೆ ಬಂದಿತ್ತು. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯೂನಿಕೋಡ್ 1991ರಿಂದಲೇ ಇದ್ದರೂ ಗಣಕಗಳಲ್ಲಿ ಅದರ ಬಳಕೆ ಹರಡಿರಲಿಲ್ಲ. ಆಗಿನ ಕನ್ನಡ ಪುಟಗಳು ಒಂದೊಂದು ಫಾಂಟ್‌ಗೆ ಒಂದೊಂದು ಸಂಕೇತದಲ್ಲಿ ಇರುತ್ತಿದ್ದವು. ಓದುಗನಿಗೆ ‘ಆವು’ ಎಂದು ಕಂಡದ್ದು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪದ ಪುಟದಲ್ಲಿದ್ದೂ ಶೋಧಕ್ಕೆ ದಕ್ಕುತ್ತಿರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಯೂನಿಕೋಡಿನ ‘ತುಂಗಾ’ ಫಾಂಟ್ ಬಂತು, 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಆಮೇಲೆ ಕನ್ನಡದ ಪದ ಎಲ್ಲ ಯಂತ್ರಗಳಿಗೂ ಒಂದೇ ಪದವಾಗತೊಡಗಿತು.

ಅದರ ಫಲಕ್ಕೆ ‘ವಚನ ಸಂಚಯ’ ಒಳ್ಳೆಯ ಉದಾಹರಣೆ. 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದ ಈ ತಾಣದಲ್ಲಿ ಒಂದು ಪದ ಕೊಟ್ಟರೆ, ಅದು ಬರುವ ವಚನಗಳೆಲ್ಲ ಕಣ್ಣೆದುರು ನಿಲ್ಲುತ್ತವೆ. ಇಲ್ಲಿ ಪದ ತುರುಕುವ ತಂತ್ರವಿಲ್ಲ. ವಚನಕಾರರು ಆಡಿದ ಪದವೇ ದಾರಿ ತೋರಿಸುತ್ತದೆ.

ಕಂಬಂ ಕಣಿವೆಗೆ ಇದೇ ಪಾಠ. ಕನ್ನಡಿಗರಿಗೆ ‘ಗೂಡಲೂರು’ ಎಂದರೆ ಮೊದಲು ನೆನಪಾಗುವುದು ಮೈಸೂರಿನಿಂದ ಊಟಿಗೆ ಹೋಗುವ ದಾರಿಯ ನೀಲಗಿರಿಯ ಊರು. ಕುಮಳಿ ಘಾಟಿಯ ಕೆಳಗಿನ, 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರುಣ್ಣುವ ತೇನಿ ಜಿಲ್ಲೆಯ ಗೂಡಲೂರು ಹಿಂದೆ ಉಳಿಯುತ್ತದೆ. ‘ಕಂಬಂ’ ಆಂಧ್ರದಲ್ಲೂ ಇದೆ. ಬರೀ ಊರಿನ ಹೆಸರು ನೆಚ್ಚಿಕೊಂಡ ಪುಟ್ಟ ತಾಣ ದೊಡ್ಡ ತಾಣಗಳ ಕೆಳಗೆ ಹೂತುಹೋಗುತ್ತದೆ. ‘ತೇನಿ ಜಿಲ್ಲೆ ಗೂಡಲೂರು ಪನ್ನೀರು ದ್ರಾಕ್ಷಿ’ ಎಂದು ಬಿಡಿಸಿ ಬರೆದರೆ ಹುಡುಕುವವರು ಕಡಿಮೆ, ಆದರೆ ಬಂದವರು ಬೇಕಾದವರೇ. ಕಣಿವೆಯ ದ್ರಾಕ್ಷಿ ಬೆಳೆಗಾರರು ಹೆಸರಿನ ಬೆಲೆ ಅರಿತಿದ್ದಾರೆ: ಕಂಬಂ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು.

ಕಣಿವೆಯ ಕನ್ನಡ ಕುಲಗಳ ಹೆಸರಿಗೂ ಹಲವು ರೂಪ: ಕಪ್ಪಿಲಿಯರು, ಒಕ್ಕಲಿಗರು, ಒಕ್ಕಲಿಗ ಗೌಡರು. ಎಡ್ಗರ್ ಥರ್ಸ್ಟನ್ ಕುಲಗಳ ಬಗೆಗಿನ 1909ರ ತಮ್ಮ ಗ್ರಂಥದಲ್ಲಿ ಕಪ್ಪಿಲಿಯನ್ ಎಂದು ಬರೆದರು. ಮೊಮ್ಮಕ್ಕಳು ಯಾವ ರೂಪದಲ್ಲಿ ಹುಡುಕುತ್ತಾರೋ ಹೇಳಲಾಗದು. ಎಲ್ಲವೂ ಪುಟದಲ್ಲಿರಲಿ, ಸಹಜ ವಾಕ್ಯಗಳಲ್ಲಿರಲಿ.

ಆ ಕಣಿವೆಯ ಬಗ್ಗೆ ತಾಣ ಕಟ್ಟುವವರು ಕೀವರ್ಡ್ ಪಟ್ಟಿ ಕೊಳ್ಳುವ ಮೊದಲು ಮನೆಯ ಹಿರಿಯರ ಬಳಿ ಕೂರಲಿ. ದನಕ್ಕೆ, ಹಬ್ಬಕ್ಕೆ, ಅಡುಗೆಗೆ ಅವರು ಹೇಳುವ ಪದಗಳನ್ನು ಯೂನಿಕೋಡ್ ಕನ್ನಡದಲ್ಲಿ ಬರೆದು, ಪಕ್ಕದಲ್ಲೇ ತಮಿಳು ಹೆಸರನ್ನೂ ಊರು-ಜಿಲ್ಲೆಯನ್ನೂ ಸೇರಿಸಲಿ.