ವಯಸ್ಸಿನ ದಾಖಲೆ ಮತ್ತು ಓಟದ ದಾಖಲೆ: ವಿದ್ಯಾರ್ಥಿ ಕ್ರೀಡೆಗಳಲ್ಲಿ ವಯೋಮಿತಿಯ ಚರಿತ್ರೆಯನ್ನು ಕುರಿತು ಒಂದು ವಿವೇಚನೆ

'ದಾಖಲೆ' ಎಂಬ ಒಂದೇ ಶಬ್ದವು ನಮ್ಮಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಲ್ಲಿದೆ. ಶಾಲೆಯ ಪುಸ್ತಕದಲ್ಲಿ, ಸರ್ಕಾರದ ಕಡತದಲ್ಲಿ ಬರೆದಿಟ್ಟ ಲಿಖಿತ ಪ್ರಮಾಣವು ಒಂದು. ಕ್ರೀಡಾಂಗಣದಲ್ಲಿ ಹಿಂದೆ ಯಾರೂ ಸಾಧಿಸದುದನ್ನು ಸಾಧಿಸಿದಾಗ ಫಲಕದ ಮೇಲೆ ಏರುವ ಅಂಕಿಯು ಇನ್ನೊಂದು. ಈ ಎರಡಕ್ಕೂ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಶಾಲಾ ಕಾಲೇಜುಗಳ ಕ್ರೀಡಾಕೂಟಗಳಲ್ಲಿ ಎರಡನೆಯದು ಸಂಪೂರ್ಣವಾಗಿ ಮೊದಲನೆಯದನ್ನು ಅವಲಂಬಿಸಿದೆ. ಹದಿನಾಲ್ಕರೊಳಗಿನವರ ವರ್ಗದಲ್ಲಿ ಒಬ್ಬ ಬಾಲಕನು ಸ್ಥಾಪಿಸಿದ ದಾಖಲೆಯು ದಾಖಲೆಯಾಗಿ ನಿಲ್ಲಬೇಕಾದರೆ, ಅವನಿಗೆ ಹದಿನಾಲ್ಕು ತುಂಬಿರಲಿಲ್ಲವೆಂದು ಹೇಳುವ ಇನ್ನೊಂದು ದಾಖಲೆಯು ನಿಜವಾಗಿರಬೇಕು. ಈ ಮೊದಲನೆಯ ದಾಖಲೆಯು ನಮ್ಮ ನಾಡಿನಲ್ಲಿ ಹೇಗೆ ಹುಟ್ಟಿತು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಈ ಪ್ರಬಂಧದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ವಿಷಯವು ದೇಶವ್ಯಾಪಿಯಾದುದಾದರೂ, ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸೀಮೆಯನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರ ಮಾಡುವುದು ಉಚಿತವೆಂದು ತೋರುತ್ತದೆ. ಏಕೆಂದರೆ ಈ ಪ್ರಶ್ನೆಯು ನಗರದ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗಿಂತ ಇಂತಹ ಗಡಿಗ್ರಾಮಗಳ ಮಕ್ಕಳನ್ನೇ ಹೆಚ್ಚಾಗಿ ಬಾಧಿಸಿದೆ.

1. ತುಂಬಿದ ವರ್ಷ ಮತ್ತು ನಡೆಯುವ ವರ್ಷ

ನಮ್ಮ ಹಳ್ಳಿಗಳಲ್ಲಿ ಹುಡುಗನ ವಯಸ್ಸನ್ನು ಕೇಳಿದರೆ 'ಹದಿನಾರು ನಡೆಯುತ್ತಿದೆ' ಎಂದು ಉತ್ತರ ಬರುವುದುಂಟು. ಹದಿನಾರು ನಡೆಯುತ್ತಿರುವವನಿಗೆ ತುಂಬಿರುವುದು ಹದಿನೈದು ಮಾತ್ರ. ಈ ವ್ಯತ್ಯಾಸವನ್ನು ಆಡುವವರೂ ಕೇಳುವವರೂ ಸಮನಾಗಿ ಬಲ್ಲರು. ಆದಕಾರಣ ಊರೊಳಗೆ ಇದರಿಂದ ಯಾವ ಗೊಂದಲವೂ ಇಲ್ಲ. ಬರೆದುಕೊಳ್ಳುವವನು ಹೊರಗಿನವನಾದಾಗಲೇ ಗೊಂದಲವು ಆರಂಭವಾಗುತ್ತದೆ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವೊಂದು ಭಾರತದ ಆಧುನಿಕ ಚರಿತ್ರೆಯಲ್ಲಿ ದೊರೆಯುತ್ತದೆ. 1869ರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರು ಲಂಡನ್ನಿನಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆದರೆ ಕಲ್ಕತ್ತೆಯ ಮೆಟ್ರಿಕ್ಯುಲೇಷನ್ ಕಾಲದಲ್ಲಿ ಅವರು ಬರೆಸಿದ್ದ ವಯಸ್ಸಿನ ಪ್ರಕಾರ ಅವರು ವಯೋಮಿತಿಯನ್ನು ಮೀರಿದ್ದಾರೆಂದು ಅವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಮೊದಲು ಬರೆಸಿದ್ದ ವಯಸ್ಸು ಭಾರತೀಯ ಪದ್ಧತಿಯ ಎಣಿಕೆಯೆಂದೂ, ತುಂಬಿದ ವರ್ಷಗಳ ಲೆಕ್ಕವಲ್ಲವೆಂದೂ ಅವರು ವಾದಿಸಿದರು. ಕ್ವೀನ್ಸ್ ಬೆಂಚ್ ನ್ಯಾಯಾಲಯದವರೆಗೆ ಹೋದ ಈ ವಿವಾದದಲ್ಲಿ ಜಯವು ಅವರದಾಯಿತು. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲವೆಂಬುದು ಗಮನಾರ್ಹ. ಎರಡು ಎಣಿಕೆಗಳು ಒಂದೇ ಕಾಗದದ ಮೇಲೆ ಸಂಧಿಸಿದಾಗ, ಸತ್ಯವಂತನೂ ಅಪರಾಧಿಯಂತೆ ಕಂಡನು.

ಎರಡನೆಯ ತೊಡಕು ಸಂವತ್ಸರದ್ದು. ಮೈಸೂರು ಸೀಮೆಯ ಜನರು ವರ್ಷವನ್ನು ಹೆಸರಿನಿಂದ ನೆನೆಯುತ್ತಿದ್ದರು. 1876ರಿಂದ 1878ರವರೆಗಿನ ಮಹಾಕ್ಷಾಮವು ಇಂದಿಗೂ 'ಧಾತು ಈಶ್ವರ ಬರ'ವೆಂದೇ ಪ್ರಸಿದ್ಧವಾಗಿದೆ. ಆದರೆ ಸಂವತ್ಸರವು ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಅದು ಎರಡು ಇಂಗ್ಲಿಷ್ ವರ್ಷಗಳಲ್ಲಿ ಹರಡಿಕೊಂಡಿರುತ್ತದೆ. ಧಾತು ಸಂವತ್ಸರವು ಮತ್ತೆ ಬಂದದ್ದು 1936-37ರಲ್ಲಿ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ರಥೋತ್ಸವವು ಫಾಲ್ಗುಣ ಮಾಸದಲ್ಲಿ ನಡೆಯುತ್ತದೆ. 'ಧಾತು ಸಂವತ್ಸರದ ಹಟ್ಟಿ ಜಾತ್ರೆಯ ಕಾಲಕ್ಕೆ ಹುಟ್ಟಿದವನು' ಎಂದು ತಂದೆಯೊಬ್ಬನು ಹೇಳಿದ್ದರೆ, ಆ ಮಗುವಿನ ಜನನವು 1937ರ ಮೊದಲ ತಿಂಗಳುಗಳಲ್ಲಿ ಆದದ್ದು. ಉಪಾಧ್ಯಾಯರು 'ಧಾತು ಎಂದರೆ 1936' ಎಂದು ಬರೆದುಕೊಂಡಿದ್ದರೆ, ಹುಡುಗನು ಒಂದು ಅಕ್ಷರದ ಸುಳ್ಳೂ ಇಲ್ಲದೆ ಒಂದು ವರ್ಷ ದೊಡ್ಡವನಾದನು.

2. ಜೂನ್ 1ರ ಮಕ್ಕಳು

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜನ್ಮದಿನಾಂಕದ ಅಂಕಣವನ್ನು ಖಾಲಿ ಬಿಡುವಂತಿಲ್ಲ. ತಂದೆತಾಯಿಗಳಿಗೆ ತೇದಿಯು ತಿಳಿಯದು. ಆಗ ಉಪಾಧ್ಯಾಯರು ಶಾಲಾವರ್ಷದ ಆರಂಭಕ್ಕೆ ಹೊಂದುವ ದಿನವೊಂದನ್ನು ತಾವೇ ಬರೆದುಕೊಂಡರು. ನಮ್ಮ ರಾಜ್ಯದಲ್ಲಿ ಹಿಂದಿನ ತಲೆಮಾರಿನ ಅಸಂಖ್ಯ ಜನರ ಜನ್ಮದಿನವು ಜೂನ್ 1 ಆಗಿರುವುದರ ಕಾರಣ ಇದೇ. ಇದನ್ನು ವಂಚನೆಯೆನ್ನುವುದು ಅನ್ಯಾಯವಾದೀತು. ಮಗುವನ್ನು ಒಳಗೆ ಸೇರಿಸಿಕೊಳ್ಳಬೇಕೆಂಬ ಸದುದ್ದೇಶದಿಂದಲೇ ಎಷ್ಟೋ ಉಪಾಧ್ಯಾಯರು ಹಾಗೆ ಬರೆದರು. ಆ ಬರವಣಿಗೆ ಇಲ್ಲದಿದ್ದರೆ ಅನೇಕರಿಗೆ ವಿದ್ಯೆಯೇ ದೊರೆಯುತ್ತಿರಲಿಲ್ಲ.

ಆದರೆ ಅದೇ ತೇದಿಯು ವರ್ಗಾವಣೆ ಪತ್ರಕ್ಕೆ ಹೋಗಿ, ಅಲ್ಲಿಂದ ಎಸ್.ಎಸ್.ಎಲ್.ಸಿ. ಪುಸ್ತಕಕ್ಕೆ ಹೋಗಿ, ಕೊನೆಗೆ ಬದಲಾಯಿಸಲಾಗದ ಸತ್ಯವಾಗಿ ನಿಲ್ಲುತ್ತದೆ. ಸರ್ಕಾರಿ ನೌಕರರ ವಿಷಯದಲ್ಲಿ ಈ ತೇದಿಯನ್ನು ತಿದ್ದುವುದಕ್ಕೆ ಕಟ್ಟುನಿಟ್ಟಾದ ಮಿತಿಯನ್ನು ವಿಧಿಸಲು 1974ರಲ್ಲಿ ಕರ್ನಾಟಕದಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ಮಾಡಬೇಕಾಯಿತು. ಕ್ರೀಡೆಯಲ್ಲಿ ಇದರ ಪರಿಣಾಮವೇನೆಂಬುದನ್ನು ಲೆಕ್ಕದಿಂದ ನೋಡುವುದು ಒಳ್ಳೆಯದು.

1954ರಲ್ಲಿ ಸ್ಥಾಪಿತವಾದ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ಕೂಟಗಳಲ್ಲಿ ಇಂದು 14, 17 ಮತ್ತು 19 ವರ್ಷಗಳೊಳಗಿನ ವರ್ಗಗಳಿವೆ. ವಯಸ್ಸನ್ನು ಡಿಸೆಂಬರ್ 31ಕ್ಕೆ ಎಣಿಸುತ್ತಾರೆ. ಒಬ್ಬ ಬಾಲಕಿಯು 2011ರ ಜನವರಿಯಲ್ಲಿ ಹುಟ್ಟಿ, ಪುಸ್ತಕದಲ್ಲಿ 2010ರ ಜೂನ್ 1 ಎಂದು ಬರೆಯಲ್ಪಟ್ಟಳೆಂದು ಭಾವಿಸೋಣ. 2024ರ ಕೂಟದಲ್ಲಿ ಅವಳು ನಿಜವಾಗಿ ಹದಿನಾಲ್ಕರೊಳಗಿನವಳು. ಕಾಗದದ ಮೇಲೆ ಹದಿನಾಲ್ಕನ್ನು ದಾಟಿದವಳು. ಆಕೆಯು ಹದಿನೇಳರೊಳಗಿನವರ ಸಾಲಿನಲ್ಲಿ ನಿಂತು, ತನಗಿಂತ ಎರಡು ಮೂರು ವರ್ಷ ಹಿರಿಯರಾದವರೊಡನೆ ಓಡಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಏಳು ವರ್ಷಕ್ಕೆ ತಡವಾಗಿ ಶಾಲೆಗೆ ಬಂದ ಬಾಲಕನೊಬ್ಬನ ವಯಸ್ಸನ್ನು ತರಗತಿಗೆ ಹೊಂದುವಂತೆ ಇಳಿಸಿ ಬರೆದಿದ್ದರೆ, ಅವನು ತಾನರಿಯದೆಯೇ ಕಿರಿಯರ ಬಹುಮಾನವನ್ನು ಪಡೆಯುತ್ತಾನೆ. ಮೊದಲನೆಯವಳ ನಷ್ಟವನ್ನು ಯಾರೂ ಗಮನಿಸುವುದಿಲ್ಲ. ಎರಡನೆಯವನ ಲಾಭವು ಗೊತ್ತಾದ ದಿನ ಅವನನ್ನು ವಂಚಕನೆನ್ನುತ್ತಾರೆ. ಇಬ್ಬರೂ ಬರೆದವರಲ್ಲ, ಬರೆಯಲ್ಪಟ್ಟವರು.

ವಿಶ್ವವಿದ್ಯಾಲಯಗಳ ನಡುವಿನ ಕೂಟಗಳಲ್ಲಿ ನಿಯಮವು ಬೇರೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮದಂತೆ ಸ್ಪರ್ಧಿಗೆ ಜುಲೈ 1ಕ್ಕೆ 25 ತುಂಬಿರಬಾರದು. ಆಗಸ್ಟ್ ತಿಂಗಳಲ್ಲಿ ಹುಟ್ಟಿದವನನ್ನು ಅದೇ ವರ್ಷದ ಜೂನ್ 1ರವನೆಂದು ಬರೆದಿದ್ದರೆ, ಎರಡು ತಿಂಗಳ ಈ ಅಂತರವು ಅವನ ಕೊನೆಯ ಕ್ರೀಡಾವರ್ಷವನ್ನು ಪೂರ್ತಿಯಾಗಿ ಕಿತ್ತುಕೊಳ್ಳುತ್ತದೆ. ವಿಶ್ವ ವಿಶ್ವವಿದ್ಯಾಲಯ ಕ್ರೀಡೆಗಳಲ್ಲಿಯೂ 28 ವರ್ಷಗಳಿದ್ದ ಮೇಲ್ಮಿತಿಯನ್ನು 2019ರ ನೇಪಲ್ಸ್ ಕೂಟದಿಂದ 25ಕ್ಕೆ ಇಳಿಸಲಾಯಿತು. ಮಿತಿಯು ಬಿಗಿಯಾದಷ್ಟೂ ತೇದಿಯ ತೂಕವು ಹೆಚ್ಚುತ್ತದೆ.

3. ಗಡಿಯ ಆಚೆಯ ತವರು

ಕೊಂಡ್ಲಹಳ್ಳಿಯ ಸೀಮೆಗೆ ವಿಶೇಷವಾದ ಇನ್ನೊಂದು ಸಂಗತಿಯುಂಟು. ಮೊಳಕಾಲ್ಮೂರು ತಾಲ್ಲೂಕು ಹಿಂದಿನ ಮೈಸೂರು ಸಂಸ್ಥಾನದ ಅಂಚಿನಲ್ಲಿತ್ತು; ಅದರ ನೆರೆಯ ಬಳ್ಳಾರಿ, ರಾಯದುರ್ಗಗಳು ಮದರಾಸು ಪ್ರಾಂತ್ಯದಲ್ಲಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. ರಾಯದುರ್ಗವು ಆಂಧ್ರದಲ್ಲಿ ಉಳಿಯಿತು. ಆದರೆ ಹೆಣ್ಣು ಕೊಟ್ಟು ತರುವ ಬಾಂಧವ್ಯಕ್ಕೆ ಗಡಿಯಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮ ಪದ್ಧತಿ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಜನನವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿಯಾಗಬೇಕು. ಹೀಗಾಗಿ ಮಗುವು ಬೆಳೆಯುವುದು ಒಂದು ರಾಜ್ಯದಲ್ಲಿ, ಅದರ ಜನನದ ಲೆಕ್ಕವಿರುವುದು ಇನ್ನೊಂದು ರಾಜ್ಯದಲ್ಲಿ. ಹೆಸರಿಡುವ ಮೊದಲೇ ನೋಂದಣಿ ಮಾಡಲು ಅಧಿನಿಯಮದಲ್ಲಿ ಅವಕಾಶವಿರುವುದರಿಂದ ಆ ಲೆಕ್ಕದಲ್ಲಿ ಮಗುವಿನ ಹೆಸರೇ ಇಲ್ಲದಿರಬಹುದು. ಒಂದು ವರ್ಷ ಮೀರಿದ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶವು ಬೇಕಾಗಿತ್ತು. ಕೂಲಿಯ ದಿನವೊಂದನ್ನು ಕಳೆದುಕೊಂಡು ತಂದೆಯು ಅಷ್ಟು ದೂರ ಹೋಗಲಿಲ್ಲವೆಂದರೆ ಆಶ್ಚರ್ಯವೇನು?

2023ರ ತಿದ್ದುಪಡಿಯು ಈ ಸ್ಥಿತಿಯನ್ನು ಬದಲಾಯಿಸಿದೆ. ಆ ವರ್ಷದ ಅಕ್ಟೋಬರ್ 1ರ ಅನಂತರ ಹುಟ್ಟಿದವರಿಗೆ ಶಾಲಾ ಪ್ರವೇಶ ಮೊದಲಾದ ಕಾರ್ಯಗಳಲ್ಲಿ ಜನನ ಪ್ರಮಾಣಪತ್ರವೊಂದೇ ಆಧಾರ. ಆದರೆ ಆ ಮಕ್ಕಳು ಕಿರಿಯರ ಓಟದ ಸಾಲಿಗೆ ಬರುವುದು 2030ರ ದಶಕದ ಮಧ್ಯಭಾಗದಲ್ಲಿ. ಅಲ್ಲಿಯವರೆಗೆ ಹಳೆಯ ಪುಸ್ತಕಗಳೇ ನಮಗೆ ಗತಿ.

4. ಎಲುಬಿನ ಸಾಕ್ಷ್ಯ

ಕಾಗದವನ್ನು ನಂಬದವರು ದೇಹವನ್ನು ಕೇಳಿದರು. ಅಮೆರಿಕದ ಮೆಕ್ಲಾಯ್ ಎಂಬ ವಿದ್ವಾಂಸನು 1930ರ ದಶಕದಲ್ಲಿ ವಿದ್ಯಾರ್ಥಿಗಳನ್ನು ವರ್ಗೀಕರಿಸಲು ಸೂತ್ರವೊಂದನ್ನು ರಚಿಸಿದನು: ವಯಸ್ಸನ್ನು 20ರಿಂದಲೂ ಅಂಗುಲಗಳಲ್ಲಿ ಎತ್ತರವನ್ನು 6ರಿಂದಲೂ ಗುಣಿಸಿ, ಪೌಂಡುಗಳಲ್ಲಿ ತೂಕವನ್ನು ಕೂಡಿಸುವುದು. ಇದು ನಮ್ಮ ವ್ಯಾಯಾಮ ಶಿಕ್ಷಣದ ಪಠ್ಯಗಳಿಗೂ ಬಂದಿತು. ಆದರೆ ಇದರಲ್ಲಿಯೂ ವಯಸ್ಸು ಒಂದು ಅಂಶ. ಒಂದು ವರ್ಷದ ತಪ್ಪು ಇಪ್ಪತ್ತು ಪೌಂಡು ತೂಕದ ತಪ್ಪಿಗೆ ಸಮ.

ಮುಂದೆ ಕೈಯ ಎಲುಬುಗಳ ಕ್ಷಕಿರಣ ಚಿತ್ರದಿಂದ ಬೆಳವಣಿಗೆಯನ್ನು ಅಳೆಯುವ ಗ್ರೂಲಿಕ್ ಮತ್ತು ಪೈಲ್ ಅವರ ಚಿತ್ರಸಂಪುಟವು 1950ರಲ್ಲಿಯೂ, ಟ್ಯಾನರ್ ಮತ್ತು ವೈಟ್‌ಹೌಸ್ ಪದ್ಧತಿಯ ಮೂರನೆಯ ಆವೃತ್ತಿಯು 2001ರಲ್ಲಿಯೂ ಪ್ರಕಟವಾದವು. ಭಾರತ ಸರ್ಕಾರವು 2010ರಲ್ಲಿ ಕ್ರೀಡೆಯಲ್ಲಿ ವಯೋವಂಚನೆಯನ್ನು ತಡೆಯುವ ರಾಷ್ಟ್ರೀಯ ಸಂಹಿತೆಯನ್ನು ಹೊರಡಿಸಿ, ವೈದ್ಯಕೀಯ ಪರೀಕ್ಷೆಗೆ ಸ್ಥಾನ ಕೊಟ್ಟಿತು. ಎಲುಬು ಸುಳ್ಳಾಡುವುದಿಲ್ಲವೆಂಬುದು ನಿಜ; ಆದರೆ ಅದು ಹೇಳುವುದು ಬೆಳವಣಿಗೆಯನ್ನೇ ಹೊರತು ಹುಟ್ಟಿದ ದಿನವನ್ನಲ್ಲ. ಒಂದೇ ದಿನ ಹುಟ್ಟಿದ ಇಬ್ಬರು ಬಾಲಕರಲ್ಲಿ ಒಬ್ಬನು ಬೇಗ ಬಲಿಯಬಹುದು, ಇನ್ನೊಬ್ಬನು ತಡವಾಗಿ. ಇಂತಹ ಪರೀಕ್ಷೆಯಲ್ಲಿ ಎರಡೂ ಕಡೆಗೆ ಎರಡೆರಡು ವರ್ಷಗಳ ತಪ್ಪು ಸಂಭವವೆಂದು ಜಯಾಮಾಲಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ಹೇಳಿತು. ವರ್ಗಗಳ ನಡುವಿನ ಅಂತರವೇ ಎರಡು ಮೂರು ವರ್ಷಗಳಾಗಿರುವಾಗ, ಎರಡು ವರ್ಷಗಳ ತಪ್ಪು ಸಣ್ಣದಲ್ಲ.

5. ವರ್ಗದಾಖಲೆಗಳನ್ನು ಓದುವ ಬಗೆ

ಶಾಲಾ ಕಾಲೇಜುಗಳ ಗೋಡೆಯ ಮೇಲೆ ತೂಗುವ ದಾಖಲೆ ಫಲಕಗಳನ್ನು ಚರಿತ್ರೆಯ ವಿದ್ಯಾರ್ಥಿಯು ಶಾಸನವನ್ನು ಓದುವಂತೆಯೇ ಓದಬೇಕು. ಅಂಕಿಯನ್ನು ಓದಿದರೆ ಸಾಲದು, ಅದರ ಹಿಂದಿನ ಅಳತೆಯನ್ನೂ ತಿಳಿಯಬೇಕು. ಮೆಟ್ರಿಕ್ ಪದ್ಧತಿಗೆ ಆಧಾರವಾದ ತೂಕ ಅಳತೆಗಳ ಅಧಿನಿಯಮವು ಬಂದದ್ದು 1956ರಲ್ಲಿ. ಅದಕ್ಕೆ ಮುಂಚಿನ ನೂರು ಗಜದ ಓಟವು ಇಂದಿನ 91.44 ಮೀಟರು. ಕೈಗಡಿಯಾರದ ವೇಳೆಗೂ ವಿದ್ಯುತ್ ಯಂತ್ರದ ವೇಳೆಗೂ ನೂರು ಮೀಟರಿನಲ್ಲಿ 0.24 ಸೆಕೆಂಡಿನ ಅಂತರವನ್ನು ಲೆಕ್ಕ ಹಿಡಿಯುವುದುಂಟು. ಗುಂಡು ಎಸೆತದಲ್ಲಿ ವಯಸ್ಕ ಪುರುಷರ ಗುಂಡು 7.26 ಕಿಲೋಗ್ರಾಂ, ಇಪ್ಪತ್ತರೊಳಗಿನವರದು 6, ಹದಿನೆಂಟರೊಳಗಿನವರದು 5. ಆದ್ದರಿಂದ ವಯಸ್ಸು ತಪ್ಪಾದರೆ ಸ್ಪರ್ಧಿಯು ವರ್ಗವನ್ನು ಮಾತ್ರವಲ್ಲ, ಕೈಯಲ್ಲಿ ಹಿಡಿಯಬೇಕಾದ ಗುಂಡನ್ನೇ ತಪ್ಪಿದಂತಾಯಿತು.

ಇದಲ್ಲದೆ 'ಕಾಲೇಜು' ಎಂಬ ಪದದ ವ್ಯಾಪ್ತಿಯೂ ಬದಲಾಗಿದೆ. ಹಿಂದೆ ಇಂಟರ್‌ಮೀಡಿಯೆಟ್ ತರಗತಿಗಳು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹದಿನಾರು ಹದಿನೇಳರ ತರುಣನೂ ಕಾಲೇಜು ಕ್ರೀಡಾಳುವಾಗಿದ್ದನು. ಇಂದು ಅದೇ ವಯಸ್ಸಿನ ಪದವಿಪೂರ್ವ ವಿದ್ಯಾರ್ಥಿಯು ಶಾಲಾ ಕ್ರೀಡೆಗಳ ಹತ್ತೊಂಬತ್ತರೊಳಗಿನ ವರ್ಗದಲ್ಲಿದ್ದಾನೆ. ಆದಕಾರಣ ಹಳೆಯ ಕಾಲೇಜು ದಾಖಲೆಯನ್ನು ಇಂದಿನದರೊಡನೆ ನೇರವಾಗಿ ಹೋಲಿಸುವುದು ಸಾಧುವಲ್ಲ. ಶಾಲಾ ಕೂಟಗಳಲ್ಲಿ 14, 17, 19 ಎಂದಿರುವ ವರ್ಗಗಳು ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ಕೂಟಗಳಲ್ಲಿ 14, 16, 18, 20 ಎಂದಿರುವುದು ಹೋಲಿಕೆಯನ್ನು ಇನ್ನೂ ಕಠಿನಗೊಳಿಸಿದೆ.

6. ಬರೆದವನ ಹೆಸರು

1988ರಲ್ಲಿ ಬಿರಾದ್ ಮಲ್ ಸಿಂಘ್ವಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದು ಮಹತ್ವದ ಮಾತನ್ನು ಸ್ಪಷ್ಟಪಡಿಸಿತು. ಶಾಲೆಯ ಪುಸ್ತಕದಲ್ಲಿ ತೇದಿಯಿದ್ದ ಮಾತ್ರಕ್ಕೆ ಸಾಲದು. ಆ ತೇದಿಯನ್ನು ಯಾರು ಹೇಳಿದರು, ಯಾವ ಆಧಾರದ ಮೇಲೆ ಬರೆಯಲಾಯಿತು ಎಂಬುದು ತಿಳಿಯದಿದ್ದರೆ ಅದಕ್ಕೆ ಸಾಕ್ಷ್ಯದ ಬೆಲೆಯು ಅತ್ಯಲ್ಪ. ಚರಿತ್ರೆಯ ಅಧ್ಯಾಪಕರಾದ ನಮಗೆ ಈ ಮಾತು ಹೊಸದಲ್ಲ. ಯಾವ ಆಕರವನ್ನು ಕಂಡರೂ ನಾವು ಮೊದಲು ಕೇಳುವ ಪ್ರಶ್ನೆಯೇ ಇದು.

ಕೊಂಡ್ಲಹಳ್ಳಿಯಿರುವ ಇದೇ ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳಿವೆ. ಅವುಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ವಿದ್ವತ್ ಪ್ರಪಂಚಕ್ಕೆ ತಿಳಿಸಿದರು. ಚಕ್ರವರ್ತಿಯ ಆಜ್ಞೆಯು ಮುಗಿದ ಮೇಲೆ, ಅದನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನು ಅಲ್ಲಿ ಸೇರಿಸಿದ್ದಾನೆ. 'ಲಿಪಿಕಾರ' ಎಂಬ ಅರ್ಥದ ಪದವನ್ನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಇಪ್ಪತ್ತೆರಡು ಶತಮಾನಗಳ ಅನಂತರವೂ ಆ ಬಂಡೆಯನ್ನು ಕುರಿತು 'ಬರೆದವರು ಯಾರು' ಎಂದು ಕೇಳಿದರೆ ಉತ್ತರವು ದೊರೆಯುತ್ತದೆ. ಅದೇ ಸೀಮೆಯ ಮಗುವೊಂದರ ಜನ್ಮದಿನವನ್ನು ಕುರಿತು ಕೇಳಿದರೆ ದೊರೆಯದು.

ಇದರಿಂದ ನಾವು ಸೂಚಿಸಬಯಸುವುದು ಇಷ್ಟೆ. ವರ್ಗದಾಖಲೆಯನ್ನು ಬರೆಯುವಾಗ ಹೆಸರು ಮತ್ತು ಅಂಕಿಯೊಡನೆ, ವಯಸ್ಸಿಗೆ ಆಧಾರವಾದ ಪತ್ರ ಯಾವುದು, ಅದು ಜನನಕಾಲದ್ದೋ ಶಾಲಾ ಪ್ರವೇಶಕಾಲದ್ದೋ, ಉಪಕರಣದ ತೂಕವೆಷ್ಟು, ವೇಳೆಯನ್ನು ಅಳೆದ ಬಗೆ ಯಾವುದು ಎಂಬುದನ್ನೂ ಕಾಲೇಜುಗಳು ಬರೆದಿಡಬೇಕು. ಸಂದೇಹವುಂಟಾದಾಗ ಮೊದಲು ಪುಸ್ತಕವನ್ನು ವಿಚಾರಿಸಬೇಕು, ಅನಂತರ ವಿದ್ಯಾರ್ಥಿಯನ್ನು. ಬೇಕೆಂದೇ ವಯಸ್ಸನ್ನು ಇಳಿಸಿದವನಿಗೆ ದಂಡನೆಯಾಗುವುದು ನ್ಯಾಯವೇ; ಅವನ ಹಿಂದೆ ಎರಡನೆಯವನಾಗಿ ಓಡಿ ಮನೆಗೆ ಹೋದ ಪ್ರಾಮಾಣಿಕ ಬಾಲಕನ ಋಣವು ನಮ್ಮ ಮೇಲಿದೆ. ಆದರೆ ಉಪಾಧ್ಯಾಯರ ಲೇಖನಿಯಿಂದ ಹುಟ್ಟಿದ ತಪ್ಪನ್ನು ಆರು ವರ್ಷದ ಮಗುವಿನ ತಪ್ಪೆಂದು ಎಣಿಸುವುದು ನ್ಯಾಯವಲ್ಲ. ಈ ಎರಡನ್ನೂ ಬೇರ್ಪಡಿಸಲು ಬೇಕಾದುದು ಕ್ಷಕಿರಣ ಯಂತ್ರವೊಂದೇ ಅಲ್ಲ. ಆಕರಗಳನ್ನು ತೂಗಿ ನೋಡುವ ಅಭ್ಯಾಸವೂ ಬೇಕು. ಆ ಅಭ್ಯಾಸವನ್ನು ಕಲಿಸುವುದು ನಮ್ಮ ವಿಭಾಗದ ಕೆಲಸವಾದುದರಿಂದ, ಕ್ರೀಡಾಂಗಣದ ಈ ಪ್ರಶ್ನೆಯನ್ನು ಚರಿತ್ರೆಯ ಪುಟಗಳಲ್ಲಿ ಎತ್ತಿದ್ದೇವೆ.