ನೇಗಿಲ ಸಾಲು, ನದಿಯ ತಿರುವು
ವೇಯ್ನ್ ಥೀಬೋ (1920–2021), 'ಪಾಂಡ್ಸ್ ಅಂಡ್ ಸ್ಟ್ರೀಮ್ಸ್', 2001. ಕ್ಯಾನ್ವಾಸ್ ಮೇಲೆ ಅಕ್ರಿಲಿಕ್

ಕೇಕು, ಪೈಯಂಥ ಸಿಹಿತಿನಿಸುಗಳ ಚಿತ್ರಗಳಿಂದ ಹೆಸರಾದ ಥೀಬೋ, ಎಪ್ಪತ್ತು ದಾಟಿದ ಮೇಲೆ ತನ್ನ ಊರಿನ ಹೊಲಗಳತ್ತ ತಿರುಗಿದ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ಮುಖಜಭೂಮಿ ಅದು. 19ನೇ ಶತಮಾನದಲ್ಲಿ ಜೌಗು ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿ ಉಳುಮೆಗೆ ತಂದರು. ಆ ದುಡಿಮೆಯಲ್ಲಿ ಚೀನೀ ಕೂಲಿಕಾರರ ಪಾಲು ದೊಡ್ಡದು. ಕೊಳೆತ ಸಸ್ಯಗಳಿಂದಾದ ಪೀಟ್ ಮಣ್ಣು ಒಣಗಿ ಸವೆಯುತ್ತ ಬಂದು, ಈಗ ಅಲ್ಲಿನ ಎಷ್ಟೋ ಹೊಲಗಳು ಪಕ್ಕದ ನದಿಯ ನೀರಿಗಿಂತ ಕೆಳಗಿವೆ.

ಹಾಗಾಗಿ ಚಿತ್ರದಲ್ಲಿ ನೆಲ ವಾಲಿದಂತೆ ಕಂಡರೆ ಅದು ಬರೀ ಕಲ್ಪನೆಯಲ್ಲ. ಒಂದು ಹೊಲವನ್ನು ಹದ್ದಿನಂತೆ ಮೇಲಿಂದ ನೋಡುತ್ತೀರಿ, ಅದರ ಪಕ್ಕದ್ದನ್ನು ಬದುವಿನ ಮೇಲೆ ನಿಂತು. ಒಂದೇ ದೃಷ್ಟಿಕೋನಕ್ಕೆ ಕಟ್ಟುಬೀಳದೆ ಹಲವನ್ನು ಹೆಣೆಯುವುದು ಈ ಹೊಲಗಳ ಚಿತ್ರಸರಣಿಯ ಪಟ್ಟು. ಬಣ್ಣವೂ ಋತುವಿಗೆ ನಿಷ್ಠವಲ್ಲ: ಗುಲಾಬಿ, ನೇರಳೆ, ಹಳದಿ ಒಟ್ಟಿಗೇ ಬಂದಿವೆ. ಕೇಕುಗಳ ಸುತ್ತ ಬಳಸಿದ ಬಣ್ಣದ ಅಂಚುಗೆರೆಯನ್ನೇ ಇಲ್ಲಿ ಹೊಲಗಳಿಗೂ ಎಳೆದಿದ್ದಾನೆ. ಮನುಷ್ಯರ ಸುಳಿವಿಲ್ಲ, ದುಡಿಮೆಯ ಗುರುತಷ್ಟೇ ಇದೆ.

ಮೊದಲು ಹತ್ತಿರದಿಂದ ಕುಂಚದ ಗೆರೆಗಳನ್ನು ನೋಡಿ, ಆಮೇಲೆ ಹತ್ತು ಹೆಜ್ಜೆ ಹಿಂದೆ ಸರಿಯಿರಿ.