ಗಂಡಭೇರುಂಡ: ಬಿರುದಿನಿಂದ ರಾಜ್ಯಲಾಂಛನಕ್ಕೆ

ರಾಜಲಾಂಛನಗಳಲ್ಲಿ ಪಕ್ಷಿಗೆ ವಿಶಿಷ್ಟ ಸ್ಥಾನವಿದೆ. ರಾಷ್ಟ್ರಕೂಟರ ತಾಮ್ರಪಟಗಳ ಮುದ್ರೆಗಳಲ್ಲಿ ಗರುಡನಿದ್ದಾನೆ. ಬೈಜಾಂಟಿಯಮ್, ರಷ್ಯಾಗಳಲ್ಲಿ ಎರಡು ತಲೆಯ ಹದ್ದು ಪ್ರಭುತ್ವದ ಗುರುತಾಯಿತು. ಕರ್ನಾಟಕದ ಗಂಡಭೇರುಂಡವನ್ನು ಈ ಹದ್ದಿನೊಡನೆ ಹೋಲಿಸುವುದು ರೂಢಿ. ಆದರೆ ರೂಪಸಾಮ್ಯವೊಂದೇ ಸಂಬಂಧಕ್ಕೆ ಪ್ರಮಾಣವಾಗಲಾರದು. ನಮ್ಮ ನೆಲದ ಆಧಾರಗಳು ಬೇರೆಯೇ ಕಥೆಯನ್ನು ಹೇಳುತ್ತವೆ.

ಇವುಗಳಲ್ಲಿ ಬಳ್ಳಿಗಾವಿಯ ಸ್ತಂಭ ಮುಖ್ಯವಾದುದು. ಕಲ್ಯಾಣ ಚಾಲುಕ್ಯರ ಅಧೀನದಲ್ಲಿ ಬನವಾಸಿಯನ್ನು ಆಳುತ್ತಿದ್ದ ಮಹಾಮಂಡಲೇಶ್ವರ ಚಾವುಂಡರಾಯನು ಕ್ರಿ.ಶ. 1047ರಲ್ಲಿ ಇದನ್ನು ಜಗದೇಕಮಲ್ಲೇಶ್ವರ ದೇವಾಲಯದ ಮುಂದೆ ನಿಲ್ಲಿಸಿದನು. ಇಲ್ಲಿಯ ಭೇರುಂಡಕ್ಕೆ ಮನುಷ್ಯನ ದೇಹ, ಪಕ್ಷಿಯ ಎರಡು ತಲೆಗಳು. 'ಗಂಡಭೇರುಂಡ' ಎಂಬುದು ಚಾವುಂಡರಾಯನ ಬಿರುದು. 'ಗಂಡ' ಎಂಬ ಪದ ಬಿರುದುಗಳಲ್ಲಿ ಶೂರನೆಂಬ ಅರ್ಥವನ್ನು ಕೊಡುತ್ತದೆ. ಆದ್ದರಿಂದ ಈ ಮೂರ್ತಿಯು ವಂಶದ ಲಾಂಛನವೆನ್ನುವುದಕ್ಕಿಂತ ಒಬ್ಬ ಸಾಮಂತನ ಪರಾಕ್ರಮದ ಘೋಷಣೆಯೆನ್ನುವುದು ಸಮಂಜಸ.

ಸುಮಾರು ಐದು ಶತಮಾನಗಳ ಅನಂತರ ವಿಜಯನಗರದ ಅಚ್ಯುತರಾಯನ (1529–1542) ಚಿನ್ನದ ನಾಣ್ಯಗಳ ಮೇಲೆ ಭೇರುಂಡವು ಪೂರ್ಣ ಪಕ್ಷಿರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೊಕ್ಕುಗಳಲ್ಲಿಯೂ ಉಗುರುಗಳಲ್ಲಿಯೂ ಆನೆಗಳನ್ನು ಹಿಡಿದಿರುವ ಆ ಚಿತ್ರದ ಇಂಗಿತ ಸ್ಪಷ್ಟ: ಬಲಿಷ್ಠರನ್ನೂ ಮೀರಿದ ಬಲಿಷ್ಠನು ಅರಸ. ನಾಣ್ಯವು ಕೈಯಿಂದ ಕೈಗೆ ಸಾಗುವುದರಿಂದ, ಒಂದೆಡೆ ನಿಂತ ಸ್ತಂಭಕ್ಕಿಲ್ಲದ ವ್ಯಾಪ್ತಿ ಈ ಸಂದೇಶಕ್ಕೆ ಒದಗಿತು. ಕೆಳದಿಯ ರಾಮೇಶ್ವರ ದೇವಾಲಯದ ಛಾವಣಿಯಲ್ಲಿಯೂ ಇದೇ ಕಲ್ಪನೆ ಶಿಲ್ಪರೂಪ ತಳೆದಿದೆ.

ಮೈಸೂರು ಒಡೆಯರ ಲಾಂಛನದಲ್ಲಿ ಭೇರುಂಡವು ಐರೋಪ್ಯ ಮಾದರಿಯ ಚೌಕಟ್ಟನ್ನು ಪ್ರವೇಶಿಸಿತು. ನಡುವೆ ಪಕ್ಷಿ, ಇಕ್ಕೆಲಗಳಲ್ಲಿ ಸಿಂಹದೇಹ ಹಾಗೂ ಆನೆತಲೆಯ ಶರಭಗಳು, ಕೆಳಗೆ ಧ್ಯೇಯವಾಕ್ಯದ ಪಟ್ಟಿ. ಚೌಕಟ್ಟು ಹೊರಗಿನದು, ಜೀವಿಗಳು ಇಲ್ಲಿಯವು.

ಇಂದಿನ ಕರ್ನಾಟಕ ಸರ್ಕಾರದ ಲಾಂಛನವು ಈ ವಿನ್ಯಾಸದ ಉತ್ತರಾಧಿಕಾರಿ. ಕೆಂಪು ಫಲಕದ ಮೇಲೆ ಬಿಳಿಯ ಭೇರುಂಡವಿದೆ. ಅದರ ಮೇಲೆ ಅಶೋಕನ ಸಿಂಹಗಳಿವೆ. ಮೈಸೂರಿನ ಧ್ಯೇಯವಾಕ್ಯದ ಸ್ಥಾನದಲ್ಲಿ ರಾಷ್ಟ್ರದ ಧ್ಯೇಯವಾಕ್ಯವಿದೆ. ಹೀಗೆ ಅರಸೊತ್ತಿಗೆಯ ಪಕ್ಷಿ ಗಣರಾಜ್ಯದ ಸಿಂಹಗಳ ಕೆಳಗೆ ನೆಲೆಗೊಂಡಿದೆ. ಅಚ್ಯುತರಾಯನ ನಾಣ್ಯದಲ್ಲಿ ಅದು ಹಿಡಿದಿದ್ದ ಆನೆಗಳು ಇಲ್ಲಿಲ್ಲ.

ಬಿರುದು, ನಾಣ್ಯಚಿಹ್ನೆ, ರಾಜಮುದ್ರೆ, ರಾಜ್ಯಲಾಂಛನ ಎಂಬ ಈ ನಾಲ್ಕು ಘಟ್ಟಗಳನ್ನು ಅಖಂಡ ಪರಂಪರೆಯೆಂದು ಕರೆಯುವ ಮೊದಲು, ಪ್ರತಿಯೊಂದು ಘಟ್ಟದಲ್ಲಿಯೂ ಆ ಪಕ್ಷಿ ಯಾರ ಪರವಾಗಿ ಮಾತನಾಡಿತೆಂಬುದನ್ನು ವಿವೇಚಿಸಬೇಕು. ರೂಪ ಉಳಿದುಬಂದಿದೆ, ಅರ್ಥವನ್ನು ಮಾತ್ರ ಆಯಾ ಕಾಲದ ಅಧಿಕಾರ ಹೊಸದಾಗಿ ತುಂಬಿದೆ.